ಬಾಲಮಂದಿರದ ಹುಡುಗಿಯನ್ನು ಒಂದು ಮಾತೂ ಕೇಳದೆ ಬೇರೆ ಜಿಲ್ಲೆಗೆ ಕಳಿಸಬಹುದಾ?

ಪ್ರಶ್ನೆ: ಸರ್, ನನ್ನ ಅಕ್ಕನ ಮಗಳಿಗೆ 12 ವರ್ಷ. ಅಕ್ಕ ತೀರಿಕೊಂಡರು, ಭಾವ ಕುಡಿಯುತ್ತಾರೆ. ಹಾಗಾಗಿ ಮಕ್ಕಳ ಕಲ್ಯಾಣ ಸಮಿತಿಯವರು ಅವಳನ್ನು ಬಾಲಮಂದಿರದಲ್ಲಿ ಇಟ್ಟಿದ್ದಾರೆ. ಈಗ ಪಕ್ಕದ ಜಿಲ್ಲೆಗೆ ಕಳಿಸುತ್ತಾರಂತೆ. ಅವಳಿಗೆ ಈ ಶಾಲೆ ಬಿಡಲು ಇಷ್ಟವಿಲ್ಲ. ಆದರೆ ಅವಳನ್ನು ಯಾರೂ ಕೇಳಿಲ್ಲ. "ಸಣ್ಣ ಹುಡುಗಿಗೆ ಏನು ಗೊತ್ತಾಗುತ್ತೆ" ಅಂತಾರೆ ಅಲ್ಲಿಯವರು.

ಉತ್ತರ (ವಕೀಲರು): ಕೇಳಲೇಬೇಕು ಮೇಡಂ. 2015ರ ಬಾಲ ನ್ಯಾಯ ಕಾಯ್ದೆಯ 3ನೇ ಸೆಕ್ಷನ್‌ನಲ್ಲೇ ಇದೆ: ಮಗುವಿಗೆ ಸಂಬಂಧಪಟ್ಟ ಯಾವ ತೀರ್ಮಾನದಲ್ಲೂ ಮಗುವಿನ ಮಾತು ಕೇಳಬೇಕು, ವಯಸ್ಸು ಮತ್ತು ತಿಳಿವಳಿಕೆ ನೋಡಿ ಅದಕ್ಕೆ ಬೆಲೆ ಕೊಡಬೇಕು. ಇಷ್ಟು ವರ್ಷ ಆಗಿರಲೇಬೇಕು ಅಂತ ಅಲ್ಲಿ ಬರೆದಿಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಇದನ್ನೇ ಹೇಳುತ್ತದೆ, ಅದನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ.

ಈಗ ಮಾಡಬೇಕಾದ್ದು: ಸಮಿತಿಗೆ ಒಂದು ಅರ್ಜಿ ಬರೆಯಿರಿ. ವರ್ಗಾವಣೆಗೆ ಮೊದಲು ಮಗುವಿನ ಜೊತೆ ನೇರವಾಗಿ ಮಾತಾಡಿ, ಅವಳು ಹೇಳಿದ್ದನ್ನು ಕಡತದಲ್ಲಿ ಬರೆದುಕೊಳ್ಳಿ ಅಂತ ಕೇಳಿ, ಸ್ವೀಕೃತಿ ತಗೊಳ್ಳಿ. ಸುಮ್ನೆ ಬಾಯಲ್ಲಿ ಹೇಳಿ ಬಂದರೆ ನಾಳೆ ಯಾರಿಗೂ ನೆನಪಿರುವುದಿಲ್ಲ. ಸದಸ್ಯರು ಬಾಲಮಂದಿರಕ್ಕೇ ಹೋಗಿ ಮಾತಾಡಿದರೂ ಕಾನೂನಿನ ಪ್ರಕಾರ ಅದು ಸಮಿತಿಯ ಕಲಾಪವೇ. ಸಿಬ್ಬಂದಿ ಇಲ್ಲದ ಕಡೆ ಮಾತಾಡಿಸಿ ಅಂತಲೂ ಸೇರಿಸಿ, ಯಾಕಂದ್ರೆ ವಾರ್ಡನ್ ಎದುರು ನಿಂತರೆ ಎಷ್ಟೋ ಮಕ್ಕಳು ಎಲ್ಲದಕ್ಕೂ ತಲೆಯಾಡಿಸುತ್ತಾರೆ.

ಇನ್ನೊಬ್ಬರು: ಹಾಗಾದ್ರೆ ಮಗು "ಅಪ್ಪನ ಹತ್ರ ಹೋಗ್ತೀನಿ" ಅಂದ್ರೆ ಕಳಿಸಿಬಿಡಬೇಕಾ?

ವಕೀಲರು: ಇಲ್ಲ. ಮಾತು ಕೇಳುವುದು ಬೇರೆ, ಹೇಳಿದ್ದನ್ನೆಲ್ಲ ಮಾಡುವುದು ಬೇರೆ. ಮನೆಯಲ್ಲಿ ಅಪಾಯ ಇದ್ದರೆ ಸಮಿತಿ ಬೇಡ ಅನ್ನಬಹುದು, ಅನ್ನಲೇಬೇಕು. ಆದರೆ ಯಾಕೆ ಬೇಡ ಅಂತ ಮಗುವಿಗೆ ಅರ್ಥವಾಗುವ ಹಾಗೆ ಹೇಳಬೇಕು. ನನ್ನ ಪ್ರಕಾರ ಜಾಸ್ತಿ ತಪ್ಪುವುದು ಇಲ್ಲೇ.

ಪ್ರಶ್ನೆ ಕೇಳಿದವರು: ಅವಳೇ ಒಳಗಿಂದ ದೂರು ಕೊಡಬಹುದಾ ಸರ್?

ವಕೀಲರು: ಕೊಡಬಹುದು. ಆರು ವರ್ಷ ದಾಟಿದ ಮಕ್ಕಳಿರುವ ಕಡೆ, ಅಲ್ಲಿನ ಮಕ್ಕಳೇ ಇರುವ ಮಕ್ಕಳ ಸಮಿತಿ ಇರಬೇಕು, ಸಲಹಾ ಪೆಟ್ಟಿಗೆಯೂ ಇರಬೇಕು, ಅದೂ ಆಫೀಸಿನಿಂದ ದೂರ, ಮಕ್ಕಳು ಮಲಗುವ ಕೋಣೆಗಳ ಹತ್ತಿರ. (ಆಫೀಸ್ ಬಾಗಿಲಲ್ಲೇ ನೇತುಹಾಕಿದರೆ ಯಾವ ಮಗು ಚೀಟಿ ಹಾಕುತ್ತೆ ಹೇಳಿ.) ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಕಲ್ಯಾಣ ಸಮಿತಿಯ ಕೆಲಸದ ಮೇಲೇ ದೂರಿದ್ದರೆ ಜಿಲ್ಲಾಧಿಕಾರಿಗೆ ಕೊಡಿ. ಮಗುವೂ ಕೊಡಬಹುದು, ಚಿಕ್ಕಮ್ಮನಾಗಿ ನೀವೂ ಕೊಡಬಹುದು. ಮತ್ತೆ ಒಂದು ವಿಷಯ, ಅವಳ ಹೆಸರು, ಫೋಟೋ, ಶಾಲೆ ಯಾವುದನ್ನೂ ಇಲ್ಲಿ ಹಾಕಬೇಡಿ, ಅದಕ್ಕೆ ಕಾನೂನಿನ ನಿಷೇಧ ಇದೆ.