ಕೊನೇ ಸ್ಥಾನದ ಐಸ್ ಹಾಕಿ ತಂಡವನ್ನು ಡ್ರಾಫ್ಟ್‌ನಿಂದ ಮೇಲೆತ್ತುವುದು ಹೇಗೆ?

ಡೊಂಬಿವಲಿ ಶೆಟ್ಟಿ
ಇಲ್ಲಿನ ಕೆಲವು ಕನ್ನಡಿಗರು ಸೇರಿ ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್) ನಿಯಮದಲ್ಲೇ ಮ್ಯಾನೇಜರ್ ಲೀಗ್ (ತಂಡ ನಡೆಸುವ ಆಟ) ಆಡುತ್ತಿದ್ದೇವೆ. ಚೀಟಿ ಎತ್ತಿದಾಗ ನನಗೆ ಕೊನೇ ಸ್ಥಾನದ ತಂಡ ಬಂತು. ಮೂವತ್ತು ದಾಟಿದವರನ್ನೆಲ್ಲ ಮಾರಿ, ಎರಡು ವರ್ಷ ಸೋತು, ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವುದು) ಮೊದಲ ಪಿಕ್, ಅಂದರೆ ಮೊದಲ ಸರದಿ, ಹಿಡಿ ಅನ್ನುತ್ತಾರೆ ಗೆಳೆಯರು. ಸರಿಯೇ? ಆರಿಸಿದ ಹುಡುಗನನ್ನು ಯಾವಾಗ ಆಡಿಸಬೇಕು?

ಪಿಂಪ್ರಿ ಪಾಟೀಲ
ಶೆಟ್ರ, ಸೋತ್ರ ಮೊದಲ ಪಿಕ್ ಕೈಗೆ ಬಂದಂಗ ಅಂತ ತಿಳೀಬ್ಯಾಡ್ರಿ. ಪ್ಲೇಆಫ್ (ಕೊನೀ ನಾಕೌಟ್ ಸುತ್ತು) ತಪ್ಪಿದ 16 ತಂಡಗಳಿಗೆ ಲಾಟರಿ ಐತಿ. ಎಲ್ಲಾರಿಗಿಂತ ಕೆಳಗಿದ್ದ ತಂಡಕ್ಕೂ ಮೊದಲ ಪಿಕ್ ಸಿಗೋ ಸಾಧ್ಯತೆ 25.5% ಅಷ್ಟ. ಮೂರನೇದಕ್ಕಿಂತ ಕೆಳಗ ಜಾರೂದಿಲ್ಲ, ಅದೊಂದು ಗ್ಯಾರಂಟಿ. ಎಡ್ಮಂಟನ್ ತಂಡಕ್ಕ 2010, 2011, 2012 ಮೂರೂ ವರ್ಷ ಮೊದಲ ಪಿಕ್ ಸಿಕ್ತು, ಮೂರೂ ಸಲ ಫಾರ್ವರ್ಡ್‌ನ್ನ ಆರಿಸಿದ್ರು. 2015ರಾಗ ಮತ್ತ ಮೊದಲ ಪಿಕ್ ಆಗಿ ಮೆಕ್‌ಡೇವಿಡ್ ಬಂದ ಮ್ಯಾಲೂ ಪ್ಲೇಆಫ್ ಕಂಡಿದ್ದು 2017ಕ್ಕ. 2012ರ ಪಿಕ್ ಯಾಕುಪೊವ್ ಬರೇ 350 ಪಂದ್ಯ ಆಡಿ ಎನ್‌ಎಚ್‌ಎಲ್ ಬಿಟ್ಟ.

ಮಾಟುಂಗಾ ವಾಣಿ
ಹಿರಿಯರನ್ನೆಲ್ಲ ಮಾರಬೇಡಿ ಮಾರಾಯ್ರೇ. ಈ ಸೀಸನ್‌ಗೆ ಕರಾರು ಮುಗಿಯುವವರನ್ನು ಮಾತ್ರ ಮಾರ್ಚ್‌ನ ಟ್ರೇಡ್ ಗಡುವಿನೊಳಗೆ ಕೊಡಿ. ಕೊಳ್ಳುವವರಿಗೆ ಸ್ಯಾಲರಿ ಕ್ಯಾಪ್‌ನಲ್ಲಿ (ತಂಡದ ಒಟ್ಟು ಸಂಬಳದ ಮಿತಿ) ಜಾಗ ಇರುವುದಿಲ್ಲ. ಸಂಬಳದ 50%ವರೆಗೆ ನೀವೇ ಹೊತ್ತುಕೊಂಡರೆ, ಮೂರನೇ ಸುತ್ತಿನ ಪಿಕ್ ಬರುವಲ್ಲಿ ಎರಡನೇ ಸುತ್ತಿನದನ್ನು ಕೇಳಬಹುದು. ಇಂಥ ಕರಾರು ಒಂದು ಹೊತ್ತಿಗೆ ಮೂರೇ ಇರಬಹುದು, ಸಣ್ಣ ಆಟಗಾರರಿಗೆ ಖರ್ಚು ಮಾಡಬೇಡಿ. ಇಬ್ಬರು ಅನುಭವಿ ಡಿಫೆನ್ಸ್‌ಮನ್, ಫೇಸ್‌ಆಫ್ (ಆಟ ಶುರುವಿಗೆ ಇಬ್ಬರ ನಡುವೆ ಪಕ್, ಅಂದರೆ ರಬ್ಬರ್ ಬಿಲ್ಲೆ, ಬೀಳಿಸುವುದು) ಗೆಲ್ಲುವ ಒಬ್ಬ ಸೆಂಟರ್ ಉಳಿಯಲೇಬೇಕು. ಇಲ್ಲದಿದ್ದರೆ ಹುಡುಗರು ಪಂದ್ಯವಿಡೀ ತಮ್ಮ ತುದಿಯಲ್ಲೇ ಸಿಕ್ಕಿಬಿದ್ದು, ಪಕ್ ಹೊರಗೆ ಹೊಡೆಯುವುದು ಬಿಟ್ಟು ಬೇರೇನೂ ಕಲಿಯುವುದಿಲ್ಲ.

ಟ್ಯಾಂಪಾ ತಂಡ ನೋಡಿ. ಸ್ಟ್ಯಾಮ್‌ಕೋಸ್, ಹೆಡ್‌ಮನ್ ಮೇಲಿನ ಪಿಕ್‌ಗಳೇ, ನಿಜ. ಆದರೆ 2020, 2021ರಲ್ಲಿ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ ಪಟ್ಟ) ಗೆದ್ದ ತಂಡದಲ್ಲಿ ಕುಚೆರೋವ್ 58ನೇ ಪಿಕ್, ಪಾಯಿಂಟ್ 79ನೇದು, ಪಲಾಟ್ 208ನೇದು! ಹಿರಿಯರನ್ನು ಕೊಟ್ಟು ತಂದ ಪಿಕ್‌ಗಳ ಬೆಲೆ ಇರುವುದು ಇಲ್ಲಿ.

ಕೊತ್ರೂಡ್ ಹಾಕಿ
ಆಡಿಸುವ ವಿಷಯ. 18–19ರ ಹುಡುಗ ಸೀಸನ್‌ನಲ್ಲಿ 10ಕ್ಕಿಂತ ಕಡಿಮೆ ಎನ್‌ಎಚ್‌ಎಲ್ ಪಂದ್ಯ ಆಡಿದರೆ ಅವನ ಮೂರು ವರ್ಷದ ಮೊದಲ ಕರಾರು ಒಂದು ವರ್ಷ ಮುಂದಕ್ಕೆ ಹೋಗುತ್ತದೆ. 9 ಪಂದ್ಯ ಆಡಿಸಿ ನೋಡಿ. ಹತ್ತನೆಯದಕ್ಕೆ ಇಳಿಸಿದಿರೋ, ಕರಾರಿನ ಒಂದು ವರ್ಷ ಹೋಯಿತು. ನಾಲ್ಕನೇ ಲೈನ್‌ನಲ್ಲಿ ಎಂಟು ನಿಮಿಷ ಆಡುವುದಕ್ಕಿಂತ ಎಎಚ್‌ಎಲ್‌ನಲ್ಲಿ (ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್) ಹದಿನೆಂಟು ನಿಮಿಷ, ಪವರ್‌ಪ್ಲೇ (ಎದುರಾಳಿಯ ಆಟಗಾರ ಶಿಕ್ಷೆಯಾಗಿ ಹೊರಗಿರುವ ಹೊತ್ತು) ಸಮೇತ ಆಡುವುದು ಎಷ್ಟೋ ಮೇಲು. ಕೆನಡಾ ಜೂನಿಯರ್ ಲೀಗ್‌ನವರನ್ನು ಎಎಚ್‌ಎಲ್‌ಗೆ ಕಳಿಸಲು ವಯಸ್ಸಿನ ಕಟ್ಟುಪಾಡು ಇದೆ, ನಿಮ್ಮ ಲೀಗ್ ಯಾವ ವರ್ಷದ ನಿಯಮ ಹಿಡಿದಿದೆ ಕೇಳಿಕೊಳ್ಳಿ.

ಡಿಫೆನ್ಸ್‌ಮನ್ ಆದರೆ ಪಾಯಿಂಟ್ಸ್ ಪಟ್ಟಿ ಬದಿಗಿಡಿ. ಮೂಲೆಗೆ ಬಿದ್ದ ಪಕ್ ಮುಟ್ಟುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡುತ್ತಾನಾ? ನೋಡದವನು ಗೋಡೆಗೆ ಒತ್ತಿಸಿಕೊಂಡು ಪಕ್ ಕಳೆದುಕೊಳ್ಳುತ್ತಾನೆ. ಯುರೋಪಿನ 30 ಮೀಟರ್ ಅಗಲದ ರಿಂಕ್‌ನಲ್ಲಿ ಬೆಳೆದವರಿಗೆ ಇದು ಇನ್ನೂ ಕಷ್ಟ: ಎನ್‌ಎಚ್‌ಎಲ್ ರಿಂಕ್ 85 ಅಡಿ (ಸುಮಾರು 26 ಮೀಟರ್) ಅಗಲ, ಎದುರಾಳಿ ಬೇಗ ಮೈಮೇಲೆ ಬರುತ್ತಾನೆ.

ಡೊಂಬಿವಲಿ ಶೆಟ್ಟಿ
ಧನ್ಯವಾದ. ಗೋಲಿಯನ್ನು (ಗೋಲ್ ಕಾಯುವವನು) ಮೊದಲ ಸುತ್ತಿನಲ್ಲೇ ತೆಗೆದುಕೊಳ್ಳಲೇ?

ಪಿಂಪ್ರಿ ಪಾಟೀಲ
ಬ್ಯಾಡ್ರಿ. ಟ್ಯಾಂಪಾದ ಗೋಲಿ ವಾಸಿಲೆವ್ಸ್ಕಿಯಂಥವನೂ 2012ರಾಗ 19ನೇ ಪಿಕ್, ಮೊದಲ ಪಂದ್ಯ 2014ರ ಡಿಸೆಂಬರ್‌ಗೆ, 2017ರಾಗ ಹಿರಿಯ ಗೋಲಿ ಬಿಷಪ್‌ನ್ನ ಟ್ರೇಡ್ ಮಾಡಿದ ಮ್ಯಾಲೆ ಗೋಲ್ ಪೂರ್ತಿ ಅವನದಾತು. ವರ್ಷಕ್ಕೊಬ್ಬ ಗೋಲಿನ್ನ ಮೂರನೇ ಸುತ್ತಿನ ನಂತರ ತಗೋರಿ, ಅಲ್ಲಿತನಕ ಎರಡು ವರ್ಷದ ಕರಾರಿಗೆ ಅನುಭವಿ ಒಬ್ಬನ್ನ ನಿಲ್ಲಸ್ರಿ.