‘ರನ್ ಡಿಫೆನ್ಸ್’ ಎಂಬುದಕ್ಕೆ ‘ಓಟ ರಕ್ಷಣೆ’ ಎನ್ನಬಹುದೇ?

ಮಾನ್ಯರೇ,

ಅಮೆರಿಕದ ಹೈಸ್ಕೂಲುಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಮಕ್ಕಳ ಕನ್ನಡಿಗ ತಂದೆತಾಯಂದಿರಿಗಾಗಿ, ಆ ಆಟದ ತರಬೇತಿಯನ್ನು ವಿವರಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಲೈನ್‌ಬ್ಯಾಕರ್‌ಗಳಿಗೆ ‘ರನ್ ಡಿಫೆನ್ಸ್’ ಕಲಿಸುವ ಭಾಗದಲ್ಲಿ ಕೆಲವು ಪದಗಳು ತೊಡಕಾಗಿರುವುದರಿಂದ ಬಲ್ಲವರ ಅಭಿಪ್ರಾಯ ಕೋರುತ್ತಿದ್ದೇನೆ.

ಎದುರಾಳಿ ತಂಡವು ಚೆಂಡನ್ನು ಎಸೆಯದೆ ಹಿಡಿದುಕೊಂಡು ಓಡಿದಾಗ ಅದನ್ನು ತಡೆಯುವುದು ರನ್ ಡಿಫೆನ್ಸ್. ಇದನ್ನು ‘ಓಟ ರಕ್ಷಣೆ’ ಎಂದರೆ ಅರ್ಥ ತಿರುಗುಮುರುಗಾಗುತ್ತದೆ. ‘ಗಡಿ ರಕ್ಷಣೆ’, ‘ಕೋಟೆ ರಕ್ಷಣೆ’ಗಳಲ್ಲಿ ಮೊದಲ ಪದವೇ ಕಾಪಾಡಬೇಕಾದ ವಸ್ತು, ಯಾವುದರಿಂದ ಕಾಪಾಡಬೇಕೋ ಅದನ್ನು ಹೇಳಲು ‘ಮಳೆಯಿಂದ ರಕ್ಷಣೆ’ ಎಂಬಂತೆ ‘ಇಂದ’ ಬೇಕೇ ಬೇಕು. ಸಾಲದ್ದಕ್ಕೆ, ಕ್ರಿಕೆಟ್ ವರದಿ ಓದಿ ಬೆಳೆದ ನಮಗೆ ರನ್ನುಗಳನ್ನು ರಕ್ಷಿಸುವುದೆಂದರೆ ಗಳಿಸಿದ ಮೊತ್ತವನ್ನು ಉಳಿಸಿಕೊಳ್ಳುವುದು. ಆದ್ದರಿಂದ ‘ಓಟತಡೆ’ ಎಂದು ಬಳಸಿದ್ದೇನೆ.

ಲೈನ್‌ಬ್ಯಾಕರ್ ರಕ್ಷಿಸುವ ತಂಡದ ಮುಂಚೂಣಿಯ ಸಾಲಿಗೆ ಬೆನ್ನಾಸರೆಯಾಗಿ, ಸಾಮಾನ್ಯವಾಗಿ ನಾಲ್ಕೈದು ಗಜ ಹಿಂದೆ ನಿಲ್ಲುವವನು. ಬಿಡಿಸಿ ನೋಡಿದರೆ ‘ಬೆಂಗಾವಲು’ ಅವನಿಗೆ ಒಪ್ಪುವ ಪದವೇ. ಆದರೆ ಇಂದು ಅದನ್ನು ಕೇಳಿದವರ ಕಣ್ಣಮುಂದೆ ಬರುವುದು ಮಂತ್ರಿಗಳ ಕಾರಿನ ಹಿಂದಿನ ಪೊಲೀಸ್ ಜೀಪು. ಹಾಗಾಗಿ ಇಂಗ್ಲಿಷ್ ಹೆಸರನ್ನೇ ಉಳಿಸಿದ್ದೇನೆ. (ಕೋಚ್‌ಗಳು ಕೂಗುವ ‘ಮೈಕ್’, ‘ಸ್ಯಾಮ್’, ‘ವಿಲ್’ ಹುಡುಗರ ಹೆಸರುಗಳಲ್ಲ, ಮಿಡಲ್, ಸ್ಟ್ರಾಂಗ್, ವೀಕ್ ಎಂಬ ಸ್ಥಾನಗಳ ಮೊದಲಕ್ಷರದಿಂದ ಹುಟ್ಟಿದವು ಎಂಬುದನ್ನೂ ತಂದೆತಾಯಂದಿರಿಗೆ ಹೇಳಬೇಕಾಗಿದೆ.)

ಆಟ ಶುರುವಾದ ಕ್ಷಣ ಚೆಂಡನ್ನು ನೋಡಬೇಡ, ಎದುರಿನ ಗಾರ್ಡ್‌ನನ್ನು (ಎದುರಾಳಿಯ ಮುಂಚೂಣಿ ಸಾಲಿನ ಆಟಗಾರನನ್ನು) ನೋಡು ಎಂಬುದು ಸಾಮಾನ್ಯವಾಗಿ ಕಲಿಸುವ ಮೊದಲ ಪಾಠಗಳಲ್ಲೊಂದು. ಗಾರ್ಡ್ ತಲೆ ತಗ್ಗಿಸಿ ಮುನ್ನುಗ್ಗಿದರೆ ಓಟ, ಹೆಲ್ಮೆಟ್ ಮೇಲೆದ್ದು ಹಿಂದೆ ಸರಿದರೆ ಎಸೆತ, ಸಾಲು ಬಿಟ್ಟು ಪಕ್ಕಕ್ಕೆ ಓಡಿದರೆ ಚೆಂಡೂ ಬಹುಮಟ್ಟಿಗೆ ಅತ್ತಲೇ. ಹೀಗೆ ನೋಡಿ ಗುರುತಿಸಬೇಕಾದ ‘ಕೀ’ ಎಂಬುದಕ್ಕೆ ‘ಸುಳಿವು’ ಸಾಕು; ‘ಸುಳಿವು ಹಿಡಿ’ ಎಂಬ ನುಡಿಗಟ್ಟು ನಮ್ಮಲ್ಲಿ ಸಿದ್ಧವಾಗಿಯೇ ಇದೆ.

ನಿಜವಾದ ತೊಡಕು ‘ಗ್ಯಾಪ್’ ಮತ್ತು ‘ಹೋಲ್’ಗಳದ್ದು. ಎದುರಾಳಿಯ ಮುಂಚೂಣಿ ಸಾಲಿನ ನಟ್ಟನಡುವೆ ಇರುವ ಸೆಂಟರ್ ಮತ್ತು ಅವನ ಪಕ್ಕದ ಗಾರ್ಡ್ ನಡುವಿನದು ‘ಎ’, ಗಾರ್ಡ್ ಮತ್ತು ಅವನಾಚೆಯ ಟ್ಯಾಕಲ್ ನಡುವಿನದು ‘ಬಿ’, ಟ್ಯಾಕಲ್‌ನ ಹೊರಗಿನದು ‘ಸಿ’ ಎಂದು ಗ್ಯಾಪ್‌ಗಳನ್ನು ಗುರುತಿಸಿ, ಒಬ್ಬೊಬ್ಬ ಲೈನ್‌ಬ್ಯಾಕರ್‌ಗೂ ಅವನ ಹೊಣೆಯನ್ನು ಹಂಚಿರುತ್ತಾರೆ. ಇದು ಆಟ ಶುರುವಾಗುವ ಮೊದಲೇ ಇರುವ ಎಡೆ. ಹೋಲ್ ಎಂಬುದಾದರೋ, ಎದುರಾಳಿಗಳು ರಕ್ಷಕರನ್ನು ನೂಕಿ ಸರಿಸಿದ ಮೇಲೆ ಬೀಳುವ ದಾರಿ. ಇಬ್ಬರ ಅಥವಾ ಎರಡು ವಸ್ತುಗಳ ನಡುವೆ ಸಹಜವಾಗಿರುವುದು ‘ಸಂದು’, ಗಟ್ಟಿಯಾಗಿದ್ದ ಬೇಲಿಯಲ್ಲೋ ಗೋಡೆಯಲ್ಲೋ ಬೀಳುವುದು ‘ಕಂಡಿ’ ಎಂಬ ವ್ಯತ್ಯಾಸವು ಇದಕ್ಕೆ ಚೆನ್ನಾಗಿ ಹೊಂದುತ್ತದೆಂದು ನನ್ನ ಎಣಿಕೆ. ಹಾಗಾದರೆ ಕೋಚ್‌ನ ಪಾಠವನ್ನು ‘ನಿನ್ನ ಸಂದು ನಿನಗೆ ಗೊತ್ತಿರಲಿ, ಕಂಡಿ ಬೀಳುವ ಮೊದಲೇ ಹೋಗಿ ಮುಚ್ಚು’ ಎನ್ನಬಹುದು. ‘ಫಿಲ್’ ಎಂದಿದೆಯೆಂದು ‘ತುಂಬು’ ಎನ್ನುವ ಅಗತ್ಯವಿಲ್ಲ. ಕಂಡಿಯನ್ನು ಮುಚ್ಚುವುದೇ ರೂಢಿ.

ಓಟಗಾರನಿಗೆ ದಾರಿಮಾಡಲು ಅಡ್ಡಬರುವ ಎದುರಾಳಿಯಿಂದ ಬಿಡಿಸಿಕೊಳ್ಳುವ ‘ಶೆಡ್’ ಎಂಬುದಕ್ಕೆ ‘ಕೊಸರಿಕೊಳ್ಳು’ ಎಂಬ ಸಲಹೆ ಬಂದಿತ್ತು. ಪದ ಚೆನ್ನಾಗಿದ್ದರೂ ಸಿಕ್ಕಿಹಾಕಿಕೊಂಡ ಮೇಲಿನ ಒದ್ದಾಟವನ್ನು ಅದು ಸೂಚಿಸುತ್ತದೆ. ಅಡ್ಡಬಂದವನ ಎದೆಗೆ ಕೈಕೊಟ್ಟು, ಅವನನ್ನು ತೋಳಿನಳತೆಯಲ್ಲೇ ನಿಲ್ಲಿಸಿ, ಆಮೇಲೆ ಬದಿಗೊತ್ತಿ ಮುಂದೆ ಸಾಗುವುದನ್ನು ಕಲಿಸುವುದರಿಂದ ‘ಕಳಚಿಕೊಳ್ಳು’ ಹೆಚ್ಚು ಹತ್ತಿರವೆನಿಸುತ್ತದೆ.

ಉಳಿದದ್ದು ‘ಸ್ಪಿಲ್’ ಮತ್ತು ‘ಫೋರ್ಸ್’ ಎಂಬ ಜೋಡಿ. ಸ್ಪಿಲ್‌ನಲ್ಲಿ ರಕ್ಷಕನು ಅಡ್ಡಬರುವವನ ಒಳಭುಜದ ಕಡೆಗೆ ನುಗ್ಗಿ ಒಳದಾರಿಯನ್ನು ಕಟ್ಟುತ್ತಾನೆ. ಓಟಗಾರ ಅನಿವಾರ್ಯವಾಗಿ ಹೊರಕ್ಕೆ ಹೊರಳಿ, ಅಲ್ಲಿಗೆ ಮೊದಲೇ ಸರಿದಿರುವ ಲೈನ್‌ಬ್ಯಾಕರ್‌ನ ಕೈಗೆ ಬೀಳುತ್ತಾನೆ. ಫೋರ್ಸ್ ಇದಕ್ಕೆ ವಿರುದ್ಧ: ಹೊರಗಿನ ತೋಳನ್ನು ಬಿಡುವಾಗಿಟ್ಟುಕೊಂಡು ಓಟಗಾರನನ್ನು ಗುಂಪಿನತ್ತ ಒಳಕ್ಕೆ ತಿರುಗಿಸುವುದು. ‘ಚೆಲ್ಲು’, ‘ಬಲವಂತ’ ಎಂಬ ನೇರ ಅನುವಾದಗಳಿಂದ ಇದಾವುದೂ ತಿಳಿಯದು. ಗದ್ದೆಯ ನೀರನ್ನು ಬೇಕಾದ ಕಡೆಗೆ ತಿರುಗಿಸುವಾಗ ಬಳಸುವ ‘ಹಾಯಿಸು’ ಕ್ರಿಯಾಪದದಿಂದ ‘ಹೊರಹಾಯಿಸು’, ‘ಒಳಹಾಯಿಸು’ ಎಂದು ಮಾಡಿಕೊಂಡಿದ್ದೇನೆ. ಆದರೆ ‘ಹಾಯು’ ಧಾತುವಿಗೆ ದನ ಹಾಯುವ ಅರ್ಥವೂ ಇರುವುದರಿಂದ ಕೆಲವು ಸೀಮೆಯವರಿಗೆ ಇದು ನಗು ತರಿಸಬಹುದೇನೋ. ಕಬಡ್ಡಿಯಲ್ಲಿ ದಾಳಿಗಾರನನ್ನು ಉದ್ದೇಶಪೂರ್ವಕವಾಗಿ ಒಂದು ಮೂಲೆಗೆ ತಳ್ಳಿ ಹಿಡಿಯುವುದಕ್ಕೆ ನಿಮ್ಮ ಕಡೆ ಬಳಕೆಯಲ್ಲಿರುವ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಿ.