ಪಾರ್ಕ್ ಹಸಿರಾಗಿದೆ, ಆದರೂ ಬರ ಇದೆ: ಹೊಸ ಅರ್ಜಿಗೆ ಅಳತೆ ಬೇಕು

ಸಮಿತಿ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಬರದ ಬಗ್ಗೆ ನಾವು ಕೊಟ್ಟ ಅರ್ಜಿ ವಾಪಸ್ ಬಂದಿದೆ. ‘ಮಳೆ ಇಲ್ಲ, ಮರ ಒಣಗುತ್ತಿದೆ’ ಅಂತ ಬರೆದಿದ್ದೆವು. ಯಾವಾಗಿನಿಂದ, ಎಷ್ಟು ಜೋರು, ಹಸಿರು ಎಷ್ಟು ಹೋಗಿದೆ ಅಂತ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಗಳೇ. ಉತ್ತರ ಕೊಡೋಣ.

ಬಿ ಬ್ಲಾಕ್ ನಿವಾಸಿ: ಪಾರ್ಕ್ ಚೆನ್ನಾಗೇ ಇದೆ ಅಲ್ವಾ ಸರ್? ಹೋದ ವಾರ ಮಳೆಯೂ ಬಂತು.

ಎ ಬ್ಲಾಕ್ ನಿವಾಸಿ: ಮೇಡಂ, ಪಾರ್ಕಿಗೆ ನಾವೇ ನೀರು ಬಿಡುತ್ತೇವೆ. ಅದರಿಂದ ಬರ ಅಳೆಯಲು ಆಗದು. ಮಳೆಗೆ ಎಸ್‌ಪಿಐ ಅನ್ನುವ ಸೂಚ್ಯಂಕ ಇದೆ, 1993ರಿಂದ ಬಳಕೆಯಲ್ಲಿದೆ. ಈಗಿನ ಮಳೆಯನ್ನು ಅದೇ ಜಾಗದ, ಅದೇ ತಿಂಗಳುಗಳ ಹಳೆಯ ಮಳೆಯ ಜೊತೆ ಹೋಲಿಸುತ್ತದೆ. ಕನಿಷ್ಠ 30 ವರ್ಷದ ಲೆಕ್ಕ ಇದ್ದರೆ ಒಳ್ಳೆಯದು. ಸೊನ್ನೆ ಅಂದರೆ ಆ ಜಾಗಕ್ಕೆ ಸಾಮಾನ್ಯ ಮಳೆ. ಅಂಕಿ ಸೊನ್ನೆಗಿಂತ ಕೆಳಗಿಳಿದು, ಹಾಗೇ ಮುಂದುವರಿದು, -1 ಮುಟ್ಟಿದರೆ ಬರ. ಶುರುವಾಗಿದ್ದು ಸೊನ್ನೆಗಿಂತ ಕೆಳಗಿಳಿದ ತಿಂಗಳಿಂದ ಅಂತ ಹಿಡಿಯಬೇಕು. ಮುಗಿಯುವುದು ಮತ್ತೆ ಸೊನ್ನೆಯ ಮೇಲೆ ಬಂದಾಗ. ಒಂದು ಒಳ್ಳೆ ಮಳೆ ಬಿದ್ದ ಮಾತ್ರಕ್ಕೆ ಬರ ಮುಗಿಯಿತು ಅನ್ನುವಂತಿಲ್ಲ.

ಸಿ ಬ್ಲಾಕ್ ನಿವಾಸಿ: -2 ಆದರೆ ತೀರಾ ಕೆಟ್ಟದ್ದು ತಾನೇ?

ಎ ಬ್ಲಾಕ್ ನಿವಾಸಿ: ಹೌದು ಸರ್, ಅದು ಅತಿ ತೀವ್ರ. ಆದರೆ ಅವಧಿಯನ್ನು ಬಿಡಬೇಡಿ. ಒಂದೇ ತಿಂಗಳು -2.1 ಆದರೆ ಒಟ್ಟು ಕೊರತೆ 2.1. ನಾಲ್ಕು ತಿಂಗಳು -1.2 ಇದ್ದರೆ 4.8. ನೋಡಲು ಸೌಮ್ಯ, ಹೊಡೆತ ಜಾಸ್ತಿ. ಅರ್ಜಿಯಲ್ಲಿ ತೀವ್ರತೆ, ಅವಧಿ ಎರಡೂ ಬೇಕು. ಗಿಡ, ಮಣ್ಣಿಗೆ 3 ತಿಂಗಳ ಒಟ್ಟು ಮಳೆಯ ಎಸ್‌ಪಿಐ, ಬೋರ್‌ವೆಲ್ ವಿಚಾರಕ್ಕೆ 12 ತಿಂಗಳದ್ದು.

ಡಿ ಬ್ಲಾಕ್ ನಿವಾಸಿ: ಹಸಿರಿನ ಕೆಲಸ ನನಗೆ ಬಿಡಿ. ಉಪಗ್ರಹ ಚಿತ್ರದಿಂದ ಎನ್‌ಡಿವಿಐ, ಅಂದರೆ ಹಸಿರು ಎಷ್ಟಿದೆ ಅನ್ನುವ ಅಂಕಿ ಸಿಗುತ್ತದೆ, ಸೆಂಟಿನೆಲ್-2 ಉಪಗ್ರಹದಲ್ಲಿ 10 ಮೀಟರ್ ಚೌಕದವರೆಗೂ ಕಾಣುತ್ತದೆ. ಅದರ ದಾಖಲೆ ಚಿಕ್ಕದು, ಹಾಗಾಗಿ ಹಳೆಯ ವರ್ಷಗಳಿಗೆ 2000ದಿಂದ ಇರುವ ಮೋಡಿಸ್ ಎಂಬ ಉಪಗ್ರಹ ಉಪಕರಣದ ದಾಖಲೆ ತೆಗೆದುಕೊಳ್ಳುತ್ತೇನೆ. ಬೇಸಿಗೆಯನ್ನು ಮಳೆಗಾಲದ ಜೊತೆ ಹೋಲಿಸುವುದು ತಪ್ಪು, ಅದೇ ತಿಂಗಳನ್ನು ಅದೇ ತಿಂಗಳ ಜೊತೆಗೇ ಇಡಬೇಕು. ಉದಾಹರಣೆಗೆ, ಇಷ್ಟು ವರ್ಷಗಳಲ್ಲಿ ಆ ತಿಂಗಳ ಕನಿಷ್ಠ 0.20, ಗರಿಷ್ಠ 0.60, ಈಗ 0.28 ಅಂದುಕೊಳ್ಳಿ. ಕನಿಷ್ಠವನ್ನು 0, ಗರಿಷ್ಠವನ್ನು 100 ಅಂತ ಹಿಡಿದರೆ ಈಗಿನದು 20 ಮಾತ್ರ. ಇದೇ ವಿಸಿಐ, ಅಂದರೆ ಹಸಿರಿನ ಸ್ಥಿತಿಯ ಸೂಚ್ಯಂಕ. ಸಾಮಾನ್ಯವಾಗಿ 35ಕ್ಕಿಂತ ಕೆಳಗೆ ಬಂದರೆ ಬರ ಅನ್ನುತ್ತಾರೆ.

ಬಿ ಬ್ಲಾಕ್ ನಿವಾಸಿ: ಹಾಗಾದರೆ ಎಲ್ಲಿ ಅಳೆಯೋಣ?

ಡಿ ಬ್ಲಾಕ್ ನಿವಾಸಿ: ನೀರು ಹಾಕದ ಖಾಲಿ ಜಾಗದಲ್ಲಿ ಮೇಡಂ. ಹುಲ್ಲು ಮೊದಲು ಒಣಗುತ್ತದೆ. ಬೇರು ಆಳ ಇಳಿದ ಮರ ತಡೆದುಕೊಂಡು ತಡವಾಗಿ ಎಲೆ ಉದುರಿಸುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಬರೆಯೋಣ. ಕಟ್ಟಡ ಕಟ್ಟಲು ಹುಲ್ಲು ಕೆರೆದ ಸೈಟುಗಳ ಪಟ್ಟಿಯನ್ನೂ ಕೊಡಿ. ಅದು ಬರದ ಲೆಕ್ಕಕ್ಕೆ ಸೇರಬಾರದು.

ಬಿ ಬ್ಲಾಕ್ ನಿವಾಸಿ: ಸೈಟುಗಳ ಪಟ್ಟಿ ನಾನು ಮಾಡುತ್ತೇನೆ. ಒಣಗಿದ ಮರಗಳ ಫೋಟೋ ಹಾಕುವವರು ದಿನಾಂಕ, ಜಾಗ ಎರಡೂ ಬರೆಯಿರಿ.

ಸಮಿತಿ ಕಾರ್ಯದರ್ಶಿ: ಹಳೆಯ ಮಳೆ ಲೆಕ್ಕ ನಾನು ಕೇಳಿ ತರುತ್ತೇನೆ. ಭಾನುವಾರ ಕೂತು ಅರ್ಜಿ ಬರೆಯೋಣ.